ನಾಂಪಲ್ಲಿಯ ಕೂಗು, ಕಡಲಿನ ಕಿವಿ

ಚಳಿಗಾಲದ ಬೆಳಗಿನ ಐದು ಗಂಟೆ. ನುಮಾಯಿಶ್ ಮೈದಾನದ ದೀಪಗಳು ಆರಿ ಬಹಳ ಹೊತ್ತಾಗಿರುತ್ತದೆ. ಮೊಅಜ್ಜಂ ಜಾಹಿ ಮಾರ್ಕೆಟ್ಟಿನ ಕಡೆಯಿಂದ ಎಲ್ಲೋ ಒಂದು ಆಟೋ ಸದ್ದು ಬಿಟ್ಟರೆ ರಸ್ತೆಯೆಲ್ಲ ನಿಶ್ಶಬ್ದ. ನಮ್ಮ ಮನೆ ನಾಂಪಲ್ಲಿ ರೈಲು ನಿಲ್ದಾಣದಿಂದ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ದೂರ. ಆದರೂ ಆ ಹೊತ್ತಿಗೆ ನಿಲ್ದಾಣದ ಧ್ವನಿವರ್ಧಕದಲ್ಲಿ ತೆಲುಗಿನಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೇಳುವ ಗಾಡಿಯ ನಂಬರು, ಪ್ಲಾಟ್‌ಫಾರಂ ನಂಬರು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳುತ್ತದೆ. ಅದೇ ಮಧ್ಯಾಹ್ನ ಎರಡು ಗಂಟೆಗೆ ಕಿವಿಗೊಟ್ಟು ಕುಳಿತರೂ ಒಂದಕ್ಷರ ಕೇಳುವುದಿಲ್ಲ.

2018ರ ಡಿಸೆಂಬರ್ ಕೊನೆಯಲ್ಲಿ ನನ್ನ ತಂಗಿಯ ಮಗಳು ರಜೆಗೆಂದು ನಮ್ಮ ಮನೆಗೆ ಬಂದಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಕನ್ನಡ ಮಾತಾಡುತ್ತಾಳೆ, ನಡುನಡುವೆ ತೆಲುಗು ನುಸುಳುತ್ತದೆ. ಆಗ ಇಂಜಿನಿಯರಿಂಗ್ ಎರಡನೇ ವರ್ಷ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು, "ಮಾವ, ರಾತ್ರಿಯಾದರೆ ಸ್ಟೇಷನ್ನು ನಡೆದುಕೊಂಡು ನಮ್ಮ ಮನೆ ಹತ್ತಿರ ಬರತ್ತಾ?" ಎಂದು ಕೇಳಿದಳು. ನಾನು ನಕ್ಕೆನೇ ಹೊರತು ಉತ್ತರ ಹೇಳಲಿಲ್ಲ. ಆ ದಿನಗಳಲ್ಲಿ ನನ್ನ ಮನಸ್ಸು ಬೇರೆ ಕಡೆ ಇತ್ತು.

ನಾನು ಹೊನ್ನಾವರದ ಕಡೆಯವನು. ಆ ತಿಂಗಳು 13ರಂದು ಮಲ್ಪೆ ಬಂದರಿನಿಂದ ಆಳಸಮುದ್ರ ಮೀನುಗಾರಿಕೆಗೆ ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು, ಎರಡು ಮೂರು ದಿನಗಳಲ್ಲಿ ಸಂಪರ್ಕ ಕಡಿದುಕೊಂಡು ಕಾಣೆಯಾಗಿತ್ತು. ಅದರಲ್ಲಿ ಏಳು ಜನ ಮೀನುಗಾರರು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ನಮ್ಮ ಉತ್ತರ ಕನ್ನಡದವರು. ಊರಿಗೆ ಫೋನು ಮಾಡಿದರೆ ಬೇರೆ ಮಾತೇ ಇಲ್ಲ. ಹಡಗುಗಳು ಹುಡುಕುತ್ತಿವೆ, ವಿಮಾನಗಳು ಹುಡುಕುತ್ತಿವೆ, ಏನೂ ಸಿಕ್ಕಿಲ್ಲ. ನನ್ನ ಸೊಸೆ ಅದನ್ನೆಲ್ಲ ಕೇಳಿಸಿಕೊಂಡು ಇನ್ನೊಂದು ಪ್ರಶ್ನೆ ಹಾಕಿದಳು: "ಇಷ್ಟು ದೊಡ್ಡ ನೇವಿ ಇದೆ, ಸೋನಾರ್ ಇದೆ. ಒಂದು ಬೋಟು ಹುಡುಕೋದು ಯಾಕೆ ಇಷ್ಟು ಕಷ್ಟ?"

ಬೆಳಗಿನ ಪ್ರಶ್ನೆಗೂ ಈ ಪ್ರಶ್ನೆಗೂ ಒಂದೇ ಬೇರು ಎಂಬುದು ನನಗೆ ಗೊತ್ತಾದದ್ದು ಆಮೇಲೆ, ಪುಸ್ತಕಗಳನ್ನು ತಿರುವಿ ಹಾಕಿದಾಗ. ಯುವ ಮಿತ್ರರೇ, ಅವಳಿಗೆ ಆಗ ಹೇಳಲಾಗದ ಉತ್ತರವನ್ನು ಈಗ ನಿಮಗೆಲ್ಲರಿಗೂ ಹೇಳುತ್ತಿದ್ದೇನೆ.

ಕೆಸರಿಗೆ ಇಳಿದ ಗಾಲಿ

ಶಬ್ದ ನೇರವಾಗಿ ಹೋಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಹೋಗುವುದಿಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಹೆಚ್ಚಾದರೆ ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ, ನೆಲಕ್ಕೆ ತಾಗಿದ ಗಾಳಿಯನ್ನೂ ತಣ್ಣಗೆ ಮಾಡುತ್ತದೆ. ಅದರ ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಅಂದರೆ ಕೆಳಗೆ ಶಬ್ದ ನಿಧಾನ, ಮೇಲೆ ವೇಗ.

ಎತ್ತಿನ ಗಾಡಿಯ ಒಂದು ಗಾಲಿ ಕೆಸರಿಗೆ ಇಳಿದರೆ ಏನಾಗುತ್ತದೆ? ಕೆಸರಿನಲ್ಲಿದ್ದ ಗಾಲಿ ನಿಧಾನವಾಗುತ್ತದೆ, ಒಣ ನೆಲದ ಗಾಲಿ ಓಡುತ್ತದೆ, ಗಾಡಿ ಕೆಸರಿನ ಕಡೆಗೇ ತಿರುಗುತ್ತದೆ. ಎತ್ತಿನ ಗಾಡಿ ನೋಡದವರು ಮಳೆಗಾಲದಲ್ಲಿ ನೀರು ನಿಂತ ರಸ್ತೆಯಂಚಿಗೆ ಇಳಿದ ಆಟೋ ನೆನೆಸಿಕೊಳ್ಳಿ. ಶಬ್ದತರಂಗದ್ದೂ ಇದೇ ಕಥೆ. ತರಂಗದ ಯಾವ ಬದಿ ನಿಧಾನವೋ ಆ ಬದಿಗೆ ಅದು ಬಾಗುತ್ತದೆ. ಇದಕ್ಕೆ ವಕ್ರೀಭವನ ಎಂದು ಹೆಸರು. ಬೆಳಗಿನ ಜಾವ ನಾಂಪಲ್ಲಿ ನಿಲ್ದಾಣದಿಂದ ಆಕಾಶಕ್ಕೆ ಹಾರಿಹೋಗಬೇಕಾಗಿದ್ದ ಮಾತು ಬಾಗಿ ನೆಲದ ಕಡೆಗೆ, ನಮ್ಮ ಕಿಟಕಿಗೆ ಇಳಿಯುತ್ತದೆ. ಮಧ್ಯಾಹ್ನ ನೆಲ ಕಾದು, ಕೆಳಗಿನ ಗಾಳಿಯೇ ಬಿಸಿಯಾಗಿ, ಮಾತು ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಊರಿನ ಗದ್ದಲ ಇಲ್ಲದಿರುವುದೂ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗದ್ದಲವೇ ಎಲ್ಲವೂ ಅಲ್ಲ.

ಈಗ ಸಮುದ್ರಕ್ಕೆ ಹೋಗೋಣ. ನೀರಿನೊಳಗೆ ಬೆಳಕು ಹೆಚ್ಚೆಂದರೆ ಒಂದೆರಡು ನೂರು ಮೀಟರ್ ಇಳಿಯುತ್ತದೆ. ರೇಡಿಯೋ ತರಂಗಗಳನ್ನು ಉಪ್ಪುನೀರು ನುಂಗಿಬಿಡುತ್ತದೆ. ದೂರಕ್ಕೆ ಸುದ್ದಿ ಒಯ್ಯಬಲ್ಲದ್ದು ಶಬ್ದ ಒಂದೇ. ನೀರಿನಲ್ಲಿ ಅದರ ವೇಗ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. 1826ರಲ್ಲಿ ಕೊಲಡಾನ್ ಮತ್ತು ಸ್ಟರ್ಮ್ ಎಂಬಿಬ್ಬರು ಜಿನೀವಾ ಸರೋವರದಲ್ಲಿ ಎರಡು ದೋಣಿ ನಿಲ್ಲಿಸಿದರು. ಒಂದು ದೋಣಿಯವರು ನೀರಿನೊಳಗೆ ಗಂಟೆ ಬಾರಿಸುವಾಗಲೇ ಮೇಲೆ ಮದ್ದು ಹೊತ್ತಿಸಿ ಬೆಳಕು ತೋರಿಸಿದರು. ಹದಿಮೂರು ಕಿಲೋಮೀಟರಿಗೂ ದೂರದ ಇನ್ನೊಂದು ದೋಣಿಯವರು ಬೆಳಕು ಕಂಡ ಕ್ಷಣದಿಂದ ಗಂಟೆ ಕೇಳುವವರೆಗಿನ ಹೊತ್ತನ್ನು ಅಳೆದರು. 8 ಡಿಗ್ರಿ ನೀರಿನಲ್ಲಿ ಸೆಕೆಂಡಿಗೆ 1435 ಮೀಟರ್ ಎಂದು ಅವರು ಹೇಳಿದ್ದು ಇಂದಿನ ಲೆಕ್ಕಕ್ಕೂ ತೀರ ಹತ್ತಿರ.

ಆದರೆ ಸಮುದ್ರ ಎಂಬುದು ಒಂದೇ ನೀರಲ್ಲ. ಅದು ಪದರ ಪದರ, ನಮ್ಮ ಚಿರೋಟಿಯ ಹಾಗೆ. ಮೇಲೆ ಬಿಸಿಲು ಕುಡಿದ ಬೆಚ್ಚನೆಯ ಪದರ. ಅದರ ಕೆಳಗೆ ಉಷ್ಣತೆ ದಿಢೀರನೆ ಇಳಿಯುವ ಪದರ. ಅದಕ್ಕೂ ಕೆಳಗೆ ವರ್ಷವಿಡೀ ತಣ್ಣಗಿರುವ ಆಳ. ಶಬ್ದದ ವೇಗವನ್ನು ತೀರ್ಮಾನಿಸುವವರು ಮೂವರು: ಉಷ್ಣತೆ, ಉಪ್ಪು, ಒತ್ತಡ. ಮೂರೂ ಹೆಚ್ಚಿದಂತೆ ವೇಗ ಹೆಚ್ಚು. ಲೆಕ್ಕದಲ್ಲಿ ಆಸಕ್ತಿ ಇರುವವರಿಗೆ, ಸಾಗರ ವಿಜ್ಞಾನಿಗಳು ಬಳಸುವ ಒಂದು ಸರಳ ಸೂತ್ರ ಇದು:

ವೇಗ = 1449.2 + 4.6 ಉ − 0.055 ಉ² + 0.00029 ಉ³ + (1.34 − 0.01 ಉ)(ಲ − 35) + 0.016 ಆ

ಇಲ್ಲಿ 'ಉ' ಎಂದರೆ ಸೆಲ್ಸಿಯಸ್ ಉಷ್ಣತೆ, 'ಲ' ಎಂದರೆ ಒಂದು ಕಿಲೋಗ್ರಾಂ ನೀರಿನಲ್ಲಿ ಎಷ್ಟು ಗ್ರಾಂ ಉಪ್ಪಿದೆ ಎಂಬ ಲವಣಾಂಶ, 'ಆ' ಎಂದರೆ ಮೀಟರಿನಲ್ಲಿ ಆಳ. ಉತ್ತರ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರುತ್ತದೆ. 28 ಡಿಗ್ರಿ, 32 ಲವಣಾಂಶದ ಮೇಲ್ಮೈ ನೀರಿಗೆ 1538. ಒಂದೂವರೆ ಸಾವಿರ ಮೀಟರ್ ಕೆಳಗೆ, 5 ಡಿಗ್ರಿ, 35 ಲವಣಾಂಶಕ್ಕೆ 1495. ನಾಲ್ಕು ಸಾವಿರ ಮೀಟರ್ ಕೆಳಗೆ, 2 ಡಿಗ್ರಿಯಲ್ಲಿ, ಉಪ್ಪು ಅಷ್ಟೇ ಇದ್ದರೆ, 1522. ಗಮನಿಸಿದಿರಾ? ಇಳಿಯುತ್ತಾ ಹೋದಂತೆ ವೇಗ ಮೊದಲು ಕಡಿಮೆಯಾಗಿ, ಮತ್ತೆ ಹೆಚ್ಚಾಯಿತು. ಮೇಲೆ ಉಷ್ಣತೆಯ ಆಟ, ಕೆಳಗೆ ಒತ್ತಡದ ಆಟ. ನಡುವೆ ಎಲ್ಲಕ್ಕಿಂತ ನಿಧಾನವಾದ ಒಂದು ಓಣಿ. ಈ ಓಣಿಯ ಮಾತು ಮುಂದೆ ಬರುತ್ತದೆ.

ಊಟದ ನಂತರ ಕಿವುಡಾದ ಸೋನಾರ್

1930ರ ದಶಕದಲ್ಲಿ ಅಮೆರಿಕದ ನೌಕಾಪಡೆಯವರಿಗೆ ಒಂದು ವಿಚಿತ್ರ ಅನುಭವವಾಯಿತು. ಬೆಳಿಗ್ಗೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಸೋನಾರ್ ಮಧ್ಯಾಹ್ನ ಕೈಕೊಡುತ್ತಿತ್ತು. ಸೋನಾರ್ ಎಂದರೆ ನೀರಿನೊಳಗೆ ಶಬ್ದ ಕಳಿಸಿ, ತಗಲಿ ಮರಳುವ ಪ್ರತಿಧ್ವನಿಯಿಂದ ವಸ್ತು ಎಲ್ಲಿದೆ ಎಂದು ತಿಳಿಯುವ ಉಪಕರಣ. ಯಂತ್ರದ ಮುಂದೆ ಕೂತವರು ಊಟ ಮಾಡಿ ತೂಕಡಿಸುತ್ತಾರೆ ಎಂದೇ ಮೊದಲು ಅನುಮಾನಪಟ್ಟರಂತೆ! ನಿಜವಾದ ಕಾರಣ ಸೂರ್ಯ. ಬೆಳಗಿನಿಂದ ಬಿದ್ದ ಬಿಸಿಲಿಗೆ ಮೇಲಿನ ಕೆಲವು ಮೀಟರ್ ನೀರು ಒಂದೆರಡು ಡಿಗ್ರಿ ಬೆಚ್ಚಗಾದರೆ ಸಾಕು, ಮೇಲೆ ವೇಗ, ಕೆಳಗೆ ನಿಧಾನ. ಶಬ್ದ ಕೆಳಕ್ಕೆ ಬಾಗಿ ಆಳಕ್ಕೆ ಹೋಗಿಬಿಡುತ್ತದೆ. ಎದುರಿಗಿದ್ದ ಜಲಾಂತರ್ಗಾಮಿ ನೆರಳಿನಲ್ಲಿ ಉಳಿಯುತ್ತದೆ. ಇಂಥ ಜಾಗಕ್ಕೆ ವಿಜ್ಞಾನಿಗಳು ಛಾಯಾವಲಯ ಎನ್ನುತ್ತಾರೆ. ಬೆಳಕಿಗೆ ನೆರಳು ಬೀಳಿಸಲು ಗೋಡೆ ಬೇಕು. ಸಮುದ್ರದಲ್ಲಿ ಶಬ್ದಕ್ಕೆ ನೆರಳು ಬೀಳಲು ಏನೂ ಬೇಡ, ಎರಡು ಡಿಗ್ರಿ ವ್ಯತ್ಯಾಸ ಸಾಕು.

ಎಷ್ಟು ಬಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕೋಣ. 50 ಮೀಟರ್ ಆಳದಲ್ಲಿ 28 ಡಿಗ್ರಿ, 200 ಮೀಟರ್ ಆಳದಲ್ಲಿ 14 ಡಿಗ್ರಿ ಇದೆ ಎನ್ನಿ. ನಮ್ಮ ಕಡಲುಗಳಲ್ಲಿ ಇದೇನೂ ಅಪರೂಪವಲ್ಲ. ಸೂತ್ರದ ಪ್ರಕಾರ ಈ ನೂರೈವತ್ತು ಮೀಟರಿನಲ್ಲಿ ವೇಗ ಸುಮಾರು 34 ಮೀಟರ್ ಇಳಿಯುತ್ತದೆ. ವೇಗ ಒಂದೇ ಸಮನೆ ಬದಲಾಗುವ ಪದರದಲ್ಲಿ ಶಬ್ದದ ಕಿರಣ ಒಂದು ವೃತ್ತದ ತುಣುಕಿನಂತೆ ಸಾಗುತ್ತದೆ. ಇಲ್ಲಿ ಆ ವೃತ್ತದ ತ್ರಿಜ್ಯ ಏಳು ಕಿಲೋಮೀಟರಿಗೆ ಹತ್ತಿರ. ಅಂದರೆ ಮಟ್ಟಸವಾಗಿ ಹೊರಟ ಶಬ್ದ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ 70 ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಚಾರ್‌ಮಿನಾರಿನ ಎತ್ತರ ಸುಮಾರು 56 ಮೀಟರ್ ಎಂದು ನೆನೆಸಿಕೊಂಡರೆ ಈ ಇಳಿತ ಎಷ್ಟೆಂದು ಅಂದಾಜಾದೀತು.

ಆದ್ದರಿಂದಲೇ ಸೋನಾರ್ ಇದ್ದರೆ ಸಾಲದು. ಇಂದು, ಈ ಜಾಗದಲ್ಲಿ, ನೀರು ಯಾವ ಪದರದಲ್ಲಿ ಹೇಗಿದೆ ಎಂಬುದು ಗೊತ್ತಿರಬೇಕು. ಸಮುದ್ರತಳದ ನಕ್ಷೆ ಮಾಡುವ ಹಡಗಿನವರು ಕೆಲಸ ಶುರುಮಾಡುವ ಮುನ್ನ ಒಂದು ಉಪಕರಣವನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸುತ್ತಾರೆ. ಅದು ಆಳದಿಂದ ಆಳಕ್ಕೆ ಶಬ್ದದ ವೇಗವನ್ನು ಗುರುತು ಹಾಕಿಕೊಂಡು ಬರುತ್ತದೆ. ಅದಿಲ್ಲದೆ ಮಾಡಿದ ನಕ್ಷೆಯಲ್ಲಿ ತಳದ ಗುಡ್ಡ ಒಂದು ಕಡೆ ಇದ್ದರೆ ಚಿತ್ರ ಇನ್ನೊಂದು ಕಡೆ ಬೀಳುತ್ತದೆ.

ಗೋಲಗುಂಬಜ ಮತ್ತು ಬಂಗಾಳ ಕೊಲ್ಲಿ

ವಿಜಯಪುರದ ಗೋಲಗುಂಬಜ ನೀವು ನೋಡಿರಬೇಕು. ನೋಡಿಲ್ಲವಾದರೆ ಈ ರಜೆಯಲ್ಲಿ ಅಪ್ಪ ಅಮ್ಮನನ್ನು ಕಾಡಿಯಾದರೂ ಹೋಗಿಬನ್ನಿ. 1656ರಲ್ಲಿ ಮುಗಿದ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ ಎದುರು ಬದಿಯಲ್ಲಿ ನಿಂತವರಿಗೆ ಕೇಳುತ್ತದೆ, ಆದರೆ ನಡುವೆ ಕೆಳಗೆ ನಿಂತವರಿಗೆ ಅಷ್ಟು ಕೇಳುವುದಿಲ್ಲ. ಶಬ್ದ ಬಾಗಿದ ಗೋಡೆಯನ್ನು ಅಪ್ಪಿಕೊಂಡು, ಚಿಕ್ಕ ಚಿಕ್ಕ ನೆಗೆತದಲ್ಲಿ ಸುತ್ತಿ ಹೋಗುತ್ತದೆ. ಸಿ. ವಿ. ರಾಮನ್ ಅವರು 1921ರಲ್ಲಿ ಲಂಡನ್ನಿಗೆ ಹೋಗಿದ್ದಾಗ ಅಲ್ಲಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಮೊಗಸಾಲೆಯಲ್ಲಿ ಪ್ರಯೋಗ ಮಾಡಿದರು. ಅದೇ ಪ್ರವಾಸದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಅವರಿಗೆ ಬೆಳಕಿನ ಪ್ರಶ್ನೆ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಶಬ್ದದ ಪ್ರಶ್ನೆ ಅಷ್ಟು ಪ್ರಸಿದ್ಧವಾಗಲಿಲ್ಲ.

ಸಮುದ್ರದಲ್ಲೂ ಇಂಥ ಮೊಗಸಾಲೆಗಳಿವೆ. ಮೇಲಿನ ಪದರದಲ್ಲಿ ಆಳಕ್ಕೆ ಹೋದಂತೆ ವೇಗ ಹೆಚ್ಚುತ್ತಿದ್ದರೆ ಶಬ್ದ ಮೇಲಕ್ಕೆ ಬಾಗುತ್ತದೆ, ನೀರಿನ ಮೇಲ್ಮೈಗೆ ತಗಲಿ ಕೆಳಕ್ಕೆ ಮರಳುತ್ತದೆ, ಮತ್ತೆ ಮೇಲಕ್ಕೆ ಬಾಗುತ್ತದೆ. ಹೀಗೆ ಮೇಲ್ಮೈಯನ್ನು ಅಪ್ಪಿಕೊಂಡೇ ಬಹು ದೂರ ಹೋಗುತ್ತದೆ. ಮೇಲ್ಮೈ ಕಾಲುವೆ ಎಂದು ಇದನ್ನು ಕರೆಯಬಹುದು.

ಇಂಥ ಕಾಲುವೆ ಚೆನ್ನಾಗಿ ಏರ್ಪಡುವ ಒಂದು ಜಾಗ ಉತ್ತರ ಬಂಗಾಳ ಕೊಲ್ಲಿ, ಅದೂ ಚಳಿಗಾಲದಲ್ಲಿ. ಕಾರಣ ನದಿಗಳು. ಗಂಗೆ, ಬ್ರಹ್ಮಪುತ್ರೆ, ಮಹಾನದಿ, ಗೋದಾವರಿ, ಕೃಷ್ಣೆ, ಕಾವೇರಿ ಎಲ್ಲ ಬಂದು ಸೇರುವುದು ಇದೇ ಕೊಲ್ಲಿಗೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಕೆನೆಯ ಹಾಗೆ ನಿಲ್ಲುತ್ತದೆ. ಡಿಸೆಂಬರ್, ಜನವರಿಯ ತಂಪುಗಾಳಿಗೆ ಈ ಕೆನೆ ತಣ್ಣಗಾಗುತ್ತದೆ. ಸಾಧಾರಣವಾಗಿ ತಣ್ಣನೆಯ ನೀರು ಭಾರವಾಗಿ ಮುಳುಗಬೇಕು. ಆದರೆ ಇದರಲ್ಲಿ ಉಪ್ಪು ಕಡಿಮೆ, ಆದ್ದರಿಂದ ತಣ್ಣಗಾದರೂ ಮುಳುಗುವುದಿಲ್ಲ. ಕೆಳಗೆ ಬೆಚ್ಚನೆಯ, ಉಪ್ಪಾದ ನೀರು. ಮೇಲೆ ತಣ್ಣನೆಯ, ಸಪ್ಪೆ ನೀರು. ಮೇಲೆ 25 ಡಿಗ್ರಿ ಮತ್ತು 31 ಲವಣಾಂಶ, 50 ಮೀಟರ್ ಕೆಳಗೆ 27 ಡಿಗ್ರಿ ಮತ್ತು 34 ಲವಣಾಂಶ ಎಂದು ಸೂತ್ರಕ್ಕೆ ಹಾಕಿದರೆ ವೇಗದಲ್ಲಿ ಎಂಟು ಒಂಬತ್ತು ಮೀಟರ್ ಅಂತರ ಬರುತ್ತದೆ.

ಇದು ನಾಂಪಲ್ಲಿಯ ಚಳಿಗಾಲದ ಬೆಳಗೇ ಅಲ್ಲವೇ, ತಲೆಕೆಳಗಾಗಿ! ಇಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ತಾಗಿ ಶಬ್ದವನ್ನು ನೆಲದ ಬಳಿ ಹಿಡಿದಿಡುತ್ತದೆ, ಅಲ್ಲಿ ತಣ್ಣನೆಯ ನೀರು ಮೇಲ್ಮೈಗೆ ತಾಗಿ ಶಬ್ದವನ್ನು ಮೇಲ್ಮೈಯ ಬಳಿ ಹಿಡಿದಿಡುತ್ತದೆ. ನಾಂಪಲ್ಲಿಯಿಂದ ಸ್ವಲ್ಪ ದೂರದಲ್ಲೇ ಹರಿಯುವ ಮೂಸಿ ಕೃಷ್ಣೆಯನ್ನು ಸೇರುತ್ತದೆ. ಭೀಮೆ, ತುಂಗಭದ್ರೆಯರೂ ಕೃಷ್ಣೆಯನ್ನು ಸೇರುತ್ತವೆ. ಆಣೆಕಟ್ಟುಗಳನ್ನು ದಾಟಿ ಉಳಿದಷ್ಟು ನೀರು ಹಂಸಲದೀವಿಯ ಬಳಿ ಕಡಲಿಗೆ ಬೀಳುತ್ತದೆ. ಕೊಡಗಿನ, ಮಲೆನಾಡಿನ ಮಳೆ ಕೊಲ್ಲಿಯ ಶಬ್ದದ ದಾರಿಯನ್ನು ಒಂದಿಷ್ಟಾದರೂ ತಿರುಗಿಸುತ್ತದೆ ಎಂದರೆ ಅದು ಕವಿಯ ಉತ್ಪ್ರೇಕ್ಷೆ ಅಲ್ಲ.

ನಮ್ಮ ಪಶ್ಚಿಮದ ಅರಬ್ಬಿ ಸಮುದ್ರದ ಸ್ವಭಾವ ಬೇರೆ. ಅಲ್ಲಿ ನದಿನೀರು ಕಡಿಮೆ, ಆವಿಯಾಗುವುದು ಹೆಚ್ಚು. ಲವಣಾಂಶ 36ರ ಆಸುಪಾಸು. ಒಂದೇ ದೇಶದ ಎರಡು ಕಡಲುಗಳಿಗೆ ಎರಡು ಬಗೆಯ ಕಿವಿ.

ತುಂಬಿದ ಕೊಡ ಹೊತ್ತು ನಡೆಯುವ ಲೆಕ್ಕ

ಒಂದು ಜಾಗದ ಪದರಗಳು ಗೊತ್ತಾದರೆ ಅಲ್ಲಿ ಶಬ್ದ ಹೇಗೆ ಹೋಗುತ್ತದೆ ಎಂದು ಹೇಳುವುದು ಕಷ್ಟವಲ್ಲ. ಸಮುದ್ರವನ್ನು ತೆಳು ಹಾಳೆಗಳಾಗಿ ಕತ್ತರಿಸಿದೆವು ಎಂದುಕೊಂಡು, ಒಂದು ಹಾಳೆಯಿಂದ ಇನ್ನೊಂದಕ್ಕೆ ದಾಟುವಾಗ ಕಿರಣ ಎಷ್ಟು ಬಾಗುತ್ತದೆ ಎಂದು ಸ್ನೆಲ್ಲನ ನಿಯಮದಿಂದ ಬರೆಯುತ್ತಾ ಹೋಗಬೇಕು. ಹತ್ತನೇ ತರಗತಿಯಲ್ಲಿ ಗಾಜಿನ ಇಟ್ಟಿಗೆ ಮತ್ತು ಗುಂಡುಸೂಜಿ ಇಟ್ಟು ಮಾಡಿದ ಪ್ರಯೋಗದ ನಿಯಮವೇ ಇದು. ಆದರೆ ಕಿರಣದ ಲೆಕ್ಕ ಎಲ್ಲ ಕಡೆ ನಡೆಯದು. 100 ಹರ್ಟ್ಸ್‌ನ ಮಂದ್ರ ಶಬ್ದಕ್ಕೆ ನೀರಿನಲ್ಲಿ ತರಂಗದೂರ ಸುಮಾರು 15 ಮೀಟರ್. ಕರಾವಳಿಯ 60 ಮೀಟರ್ ಆಳದ ನೀರಿನಲ್ಲಿ ಅಂಥ ತರಂಗವನ್ನು ದಾರದಂಥ ಕಿರಣ ಎಂದರೆ ಯಾರು ಒಪ್ಪುತ್ತಾರೆ? ಅಲ್ಲಿ ಮೇಲ್ಮೈಗೂ ತಳಕ್ಕೂ ನಡುವೆ ಇಡೀ ನೀರೇ ವೀಣೆಯ ತಂತಿಯ ಹಾಗೆ ಕೆಲವು ನಿರ್ದಿಷ್ಟ ರೀತಿಗಳಲ್ಲಿ ಕಂಪಿಸುತ್ತದೆ. ಒಂದು ಏರಿಳಿತ, ಎರಡು ಏರಿಳಿತ, ಮೂರು ಏರಿಳಿತ, ಹೀಗೆ. ಪೆಕೆರಿಸ್ ಎಂಬ ವಿಜ್ಞಾನಿ 1948ರಲ್ಲಿ ಆಳವಿಲ್ಲದ ನೀರಿಗೆ ಈ ಲೆಕ್ಕವನ್ನು ಕಟ್ಟಿಕೊಟ್ಟರು.

ಈಗ ನಿಜವಾದ ತೊಡಕು ಬಂತು. ಪೆಕೆರಿಸರ ಸಮುದ್ರದಲ್ಲಿ ತಳ ಸಮತಟ್ಟು, ಪದರಗಳು ಎಲ್ಲ ಕಡೆ ಒಂದೇ. ನಿಜವಾದ ಸಮುದ್ರ ಹಾಗಿಲ್ಲ. ಮಲ್ಪೆಯಿಂದ ಪಶ್ಚಿಮಕ್ಕೆ ಹೋದಂತೆ ತಳ ಮೆಲ್ಲಗೆ ಇಳಿಯುತ್ತದೆ. ಕೃಷ್ಣೆಯ ಬಾಯಿಂದ ದೂರ ಹೋದಂತೆ ಉಪ್ಪು ಮೆಲ್ಲಗೆ ಏರುತ್ತದೆ. ಪ್ರತಿ ಮೈಲಿಗೂ ಬೇರೆ ಪದರವಾದರೆ ಹೊಸದಾಗಿ ಲೆಕ್ಕ ಶುರುಮಾಡಬೇಕೇ?

ಬೇಡ. 'ಮೆಲ್ಲಗೆ' ಎಂಬ ಮಾತಿನಲ್ಲೇ ಉಪಾಯವಿದೆ. ಬಾವಿಯಿಂದ ತುಂಬಿದ ಕೊಡ ಹೊತ್ತು ಬರುವ ಹೆಂಗಸರನ್ನು ನಿಮ್ಮ ಅಜ್ಜಿಯ ಊರಿನಲ್ಲಿ ನೋಡಿರಬಹುದು. ದಾರಿ ಏರಲಿ, ಇಳಿಯಲಿ, ಏರಿಳಿತ ಮೆಲ್ಲಗಿದ್ದರೆ ಒಂದು ಹನಿ ಚೆಲ್ಲುವುದಿಲ್ಲ. ದಿಢೀರನೆ ಒಂದು ಮೆಟ್ಟಿಲು ಬಂದರೆ ಮಾತ್ರ ನೀರು ತುಳುಕುತ್ತದೆ. ಸಮುದ್ರದ ಕಂಪನದ ರೀತಿಗಳೂ ಹೀಗೆಯೇ. ಪರಿಸರ ಮೆಲ್ಲಗೆ ಬದಲಾದರೆ ಒಂದು ಏರಿಳಿತದ ರೀತಿ ಒಂದಾಗಿಯೇ ಉಳಿದು, ಅಲ್ಲಲ್ಲಿಯ ಆಳಕ್ಕೆ ತಕ್ಕಂತೆ ತನ್ನ ಆಕಾರವನ್ನು ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತದೆ. ತನ್ನ ಶಕ್ತಿಯನ್ನು ಪಕ್ಕದ ರೀತಿಗೆ ಚೆಲ್ಲುವುದಿಲ್ಲ. ಈ ಗುಣ ಇರುವುದರಿಂದ, ಪ್ರತಿ ಜಾಗದಲ್ಲೂ ಅಲ್ಲಿನ ಪದರಗಳಷ್ಟನ್ನೇ ಲೆಕ್ಕ ಹಾಕಿ, ಒಂದರ ಪಕ್ಕ ಒಂದು ಹೊಂದಿಸಿದರೆ ಸಾಕು. ಸಮುದ್ರದೊಳಗಿನ ಪರ್ವತ, ಭೂಖಂಡದ ಅಂಚಿನ ಕಡಿದಾದ ಇಳಿಜಾರು, ಸಿಹಿನೀರು ಉಪ್ಪುನೀರು ಸೇರುವ ಗಡಿ, ಇವು ಮೆಟ್ಟಿಲುಗಳು. ಅಲ್ಲಿ ತುಳುಕುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಕೆಲಸ ಹೆಚ್ಚು.

ಇನ್ನೊಂದು ದಾರಿಯೂ ಇದೆ. 1940ರ ದಶಕದಲ್ಲಿ ಲಿಯಾಂಟೊವಿಚ್ ಮತ್ತು ಫೋಕ್ ಎಂಬ ರಷ್ಯದ ವಿಜ್ಞಾನಿಗಳು ರೇಡಿಯೋ ತರಂಗಗಳಿಗಾಗಿ ಕಂಡುಹಿಡಿದದ್ದನ್ನು 1970ರ ದಶಕದಲ್ಲಿ ಟ್ಯಾಪರ್ಟ್ ಎಂಬವರು ಸಮುದ್ರಕ್ಕೆ ತಂದರು. ಶಬ್ದ ಮುಂದಕ್ಕೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಮರಳುವುದು ನಗಣ್ಯ ಎಂದು ಇಟ್ಟುಕೊಂಡರೆ, ಈ ನಿಲ್ದಾಣದ ಸ್ಥಿತಿಯಿಂದ ಮುಂದಿನ ನಿಲ್ದಾಣದ ಸ್ಥಿತಿ, ಅದರಿಂದ ಅದರ ಮುಂದಿನದು, ಹೀಗೆ ಕಂಪ್ಯೂಟರು ಹೆಜ್ಜೆ ಹೆಜ್ಜೆಯಾಗಿ ನಡೆದುಕೊಂಡು ಹೋಗಬಹುದು. ಇಲ್ಲಿಯೂ ಬದಲಾವಣೆ ಮೆಲ್ಲಗಿರುವುದೇ ಆಸರೆ. ನಿಮ್ಮಲ್ಲಿ ಪ್ರೋಗ್ರಾಂ ಬರೆಯುವವರು ಅನೇಕರಿದ್ದೀರಿ. ಒಂದು ಭಾನುವಾರದಲ್ಲಿ ಕಿರಣದ ಲೆಕ್ಕವನ್ನಾದರೂ ಬರೆದು ನೋಡಬಹುದು.

ಪರ್ತ್‌ನಿಂದ ಬರ್ಮುಡಾಕ್ಕೆ

ಮುಂದೆ ಬರುತ್ತದೆ ಎಂದಿದ್ದ ನಿಧಾನದ ಓಣಿಗೆ ಈಗ ಬರೋಣ. ಹಿಂದೂ ಮಹಾಸಾಗರದ ನಮ್ಮ ಭಾಗದಲ್ಲಿ ಅದು ಒಂದೂವರೆ ಸಾವಿರ ಮೀಟರಿಗೂ ಆಳದಲ್ಲಿದೆ. ಅಲ್ಲಿ ಹುಟ್ಟಿದ ಶಬ್ದ ಮೇಲಕ್ಕೆ ಹೋದರೂ ಕೆಳಕ್ಕೆ ಹೋದರೂ ಮತ್ತೆ ಓಣಿಯ ಕಡೆಗೇ ಬಾಗುತ್ತದೆ. ಮೇಲ್ಮೈಗೂ ತಗಲುವುದಿಲ್ಲ, ತಳಕ್ಕೂ ತಗಲುವುದಿಲ್ಲ, ಶಕ್ತಿ ಸೋರುವುದಿಲ್ಲ. 1944ರಲ್ಲಿ ಮಾರಿಸ್ ಯೂಯಿಂಗ್ ಮತ್ತು ಜೆ. ಲಾಮರ್ ವೋರ್ಜೆಲ್ ಸಣ್ಣ ಸ್ಫೋಟಕಗಳನ್ನು ಸಿಡಿಸಿ ಇದನ್ನು ತೋರಿಸಿದರು. ಸೋವಿಯತ್ ಒಕ್ಕೂಟದ ಬ್ರೆಖೋವ್‌ಸ್ಕಿಖ್ ಕೂಡ ಸ್ವತಂತ್ರವಾಗಿ ಕಂಡುಕೊಂಡರು. ಯೂಯಿಂಗ್ ತಂಡದ ಯೋಚನೆ ಏನಿತ್ತೆಂದರೆ, ವಿಮಾನ ಕೆಟ್ಟು ಸಮುದ್ರಕ್ಕೆ ಬಿದ್ದ ಪೈಲಟ್ ಒಂದು ಸಣ್ಣ ಸಿಡಿಗುಂಡನ್ನು ನೀರಿಗೆ ಹಾಕಬೇಕು. ಅದು ಓಣಿಯ ಆಳಕ್ಕೆ ಇಳಿದು ಸಿಡಿಯಬೇಕು. ದೂರದ ಮೂರು ತೀರಗಳಲ್ಲಿ ಆ ಶಬ್ದ ಯಾವಾಗ ಕೇಳಿತು ಎಂಬುದರಿಂದ ಆತ ಎಲ್ಲಿದ್ದಾನೆ ಎಂದು ಲೆಕ್ಕ ಹಾಕಿ ಕರೆತರಬೇಕು. ಯುದ್ಧಕಾಲದ ಸಂಶೋಧನೆಯ ನಡುವೆಯೂ ಕಳೆದುಹೋದವನನ್ನು ಹುಡುಕುವ ಈ ಆಲೋಚನೆ ನನಗೆ ತುಂಬ ಹಿಡಿಸಿತು.

1960ರ ಮಾರ್ಚಿನಲ್ಲಿ ಆಸ್ಟ್ರೇಲಿಯದ ಪರ್ತ್ ಬಳಿ ಸಮುದ್ರದಲ್ಲಿ ಸ್ಫೋಟಕಗಳನ್ನು ಸಿಡಿಸಿದರು. ಸುಮಾರು 3 ಗಂಟೆ 40 ನಿಮಿಷ ಕಳೆದ ಮೇಲೆ ಭೂಮಿಯ ಆಚೆ ಬದಿಯಲ್ಲಿ, ಅಟ್ಲಾಂಟಿಕ್ಕಿನ ಬರ್ಮುಡಾ ದ್ವೀಪದಲ್ಲಿ ಅದು ಕೇಳಿಸಿತು. ದೂರ ಇಪ್ಪತ್ತು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ವಿಚಿತ್ರವೆಂದರೆ ಒಂದು ಸಿಡಿತಕ್ಕೆ ಎರಡು ಸದ್ದು ಬಂದವು, ನಡುವೆ ಸುಮಾರು ಅರ್ಧ ನಿಮಿಷ. ಇದರ ಮರ್ಮ ಬಿಡಿಸಲು ಮೂರು ದಶಕ ಹಿಡಿಯಿತು. ಭೂಮಿ ಪೂರ್ತಿ ಗುಂಡಗಿಲ್ಲ ಎಂಬುದನ್ನೂ, ದಕ್ಷಿಣಕ್ಕೆ ಹೋದಂತೆ ನೀರು ಮೆಲ್ಲಗೆ ತಣ್ಣಗಾಗುವುದರಿಂದ ಶಬ್ದ ಮೇಲೆ ಕೆಳಗೆ ಮಾತ್ರವಲ್ಲ, ಪಕ್ಕಕ್ಕೂ ಬಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕಾಯಿತು. 1988ರಲ್ಲಿ ವಾಲ್ಟರ್ ಮಂಕ್ ಮತ್ತು ಜೊತೆಗಾರರು, 1991ರಲ್ಲಿ ಇನ್ನೊಂದು ತಂಡ ಇದರ ಮೇಲೆ ಕೆಲಸ ಮಾಡಿದರು. ಎರಡನೆಯವರು ಬಳಸಿದ್ದು ತುಂಬಿದ ಕೊಡದ ಲೆಕ್ಕವನ್ನೇ. ಅದೇ 1991ರ ಜನವರಿಯಲ್ಲಿ ಮಂಕ್ ತಂಡ ದಕ್ಷಿಣ ಹಿಂದೂ ಮಹಾಸಾಗರದ ಹರ್ಡ್ ದ್ವೀಪದ ಬಳಿ 57 ಹರ್ಟ್ಸ್ ಶಬ್ದ ನುಡಿಸಿತು. ಅದು ಅಮೆರಿಕದ ಎರಡೂ ಕರಾವಳಿಗಳಲ್ಲಿ ಕೇಳಿತು. ನೀರು ಬೆಚ್ಚಗಾದರೆ ಶಬ್ದ ಬೇಗ ತಲುಪುತ್ತದೆ. ಆದ್ದರಿಂದ ಶಬ್ದದ ಪ್ರಯಾಣದ ಹೊತ್ತನ್ನು ವರ್ಷ ವರ್ಷ ಅಳೆದರೆ ಸಾಗರಕ್ಕೆ ಜ್ವರ ಏರುತ್ತಿದೆಯೇ ಎಂದು ತಿಳಿಯಬಹುದು ಎಂಬುದು ಅವರ ಉದ್ದೇಶ.

ಕಡಲಿಲ್ಲದ ಊರಿನಲ್ಲಿ ಕಡಲಿನ ಲೆಕ್ಕ

ಇಷ್ಟೆಲ್ಲ ಲೆಕ್ಕಕ್ಕೂ ಪದರಗಳ ವಿವರ ಎಲ್ಲಿಂದ ಬರಬೇಕು? ಇಲ್ಲಿದೆ ನಮ್ಮ ಊರಿನ ಹೆಮ್ಮೆ. ಹೈದರಾಬಾದ್ ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದೆ, ಹತ್ತಿರದ ತೀರವೂ ನೂರಾರು ಕಿಲೋಮೀಟರ್ ದೂರ. ಆದರೂ 1999ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ, ಅಂದರೆ ಇನ್‌ಕಾಯ್ಸ್, ಇರುವುದು ಇಲ್ಲೇ, ಪ್ರಗತಿನಗರದ ಕಡೆ. ನಾಂಪಲ್ಲಿಯಲ್ಲಿ ಮಿಯಾಪುರದ ಮೆಟ್ರೋ ಹತ್ತಿ ಕೂಕಟ್‌ಪಲ್ಲಿ ದಾಟಿ ಇಳಿದರೆ ಅಲ್ಲಿಂದ ಹೆಚ್ಚು ದೂರವಿಲ್ಲ. ಮುಂದೆ ಇಸ್ರೋ ಅಧ್ಯಕ್ಷರಾದ ಕೆ. ರಾಧಾಕೃಷ್ಣನ್ ಈ ಕೇಂದ್ರದ ಮೊದಲ ನಿರ್ದೇಶಕರಾಗಿದ್ದರು.

ಜಗತ್ತಿನ ಸಾಗರಗಳಲ್ಲಿ ಆರ್ಗೋ ಎಂಬ ಹೆಸರಿನ ತೇಲುಯಂತ್ರಗಳು ನಾಲ್ಕು ಸಾವಿರದ ಹತ್ತಿರ ಇವೆ. ಆಳೆತ್ತರದ ಕೊಳವೆ ಅಷ್ಟೇ. ಒಂದು ಸಾವಿರ ಮೀಟರ್ ಆಳದಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಅಲ್ಲಿಂದ ಮೇಲೇರುತ್ತಾ ಉಷ್ಣತೆ, ಉಪ್ಪು, ಒತ್ತಡ ಅಳೆದುಕೊಂಡು, ಮೇಲೆ ಬಂದು ಉಪಗ್ರಹಕ್ಕೆ ಹೇಳಿ ಮತ್ತೆ ಮುಳುಗುತ್ತದೆ. ಅಳೆಯುವ ಮೂರೂ ನಮ್ಮ ಸೂತ್ರಕ್ಕೆ ಬೇಕಾದ ಮೂರೇ. ಹಿಂದೂ ಮಹಾಸಾಗರದ ಆರ್ಗೋ ಮಾಹಿತಿಯನ್ನು ಒಪ್ಪಮಾಡಿ ಇಡುವ ಪ್ರಾದೇಶಿಕ ಕೇಂದ್ರ ನಮ್ಮ ಇನ್‌ಕಾಯ್ಸ್.

2004ರ ಡಿಸೆಂಬರ್ 26ರ ಸುನಾಮಿಯ ನಂತರ, 2007ರ ಅಕ್ಟೋಬರಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವೂ ಇಲ್ಲೇ ಶುರುವಾಯಿತು. ಅದರ ಒಂದು ಕೊಂಡಿ ಶಬ್ದ. ಸಾವಿರಾರು ಮೀಟರ್ ಆಳದ ಸಮುದ್ರತಳದಲ್ಲಿ ಕೂತ ಒತ್ತಡಮಾಪಕ ಅಲೆ ಹಾದುಹೋದದ್ದನ್ನು ಗುರುತಿಸಿ, ಮೇಲೆ ತೇಲುವ ಬೋಯಾಕ್ಕೆ ಶಬ್ದದಲ್ಲೇ ಹೇಳುತ್ತದೆ. ಬೋಯಾ ಉಪಗ್ರಹಕ್ಕೆ, ಉಪಗ್ರಹ ಭೂಕೇಂದ್ರಕ್ಕೆ. ಮೂರು ಸಾವಿರ ಮೀಟರ್ ಮೇಲೇರಲು ಆ ಶಬ್ದಕ್ಕೆ ಬೇಕಾದದ್ದು ಸುಮಾರು ಎರಡು ಸೆಕೆಂಡು. ಪದರಗಳು ಇಲ್ಲಿ ಕಾಡುವುದಿಲ್ಲವೇ ಎಂದು ಕೇಳಬಹುದು. ಶಬ್ದ ನೆಟ್ಟಗೆ ಮೇಲಕ್ಕೆ ಹೋಗುವಾಗ ಎರಡು ಗಾಲಿಯೂ ಒಟ್ಟಿಗೇ ಕೆಸರಿಗೆ ಇಳಿಯುತ್ತವೆ, ಗಾಡಿ ತಿರುಗುವುದಿಲ್ಲ. ಪಕ್ಕಕ್ಕೆ ಹೋಗುವ ಶಬ್ದಕ್ಕೇ ಎಲ್ಲ ತೊಂದರೆ.

ಪಕ್ಕಕ್ಕೆ ಹೋಗುವ ಶಬ್ದವನ್ನು ಅಭ್ಯಾಸ ಮಾಡಲೆಂದೇ ನಮ್ಮ ದೇಶದಲ್ಲಿ ಒಂದು ಹಡಗಿದೆ. 1994ರಲ್ಲಿ ನೌಕಾಪಡೆಗೆ ಸೇರಿದ ಅದರ ಹೆಸರು ಸಾಗರಧ್ವನಿ. ಕೊಚ್ಚಿಯಲ್ಲಿರುವ ರಕ್ಷಣಾ ಸಂಶೋಧನಾ ಪ್ರಯೋಗಾಲಯಕ್ಕಾಗಿ ಅದು ದುಡಿಯುತ್ತದೆ. ಹಡಗಿಗೆ ಇಷ್ಟು ಚಂದದ ಹೆಸರು ಇಟ್ಟವರು ಯಾರೋ, ಅವರಿಗೊಂದು ನಮಸ್ಕಾರ.

ಇನ್ನು ಸುವರ್ಣ ತ್ರಿಭುಜ. 2019ರ ಮೇ ತಿಂಗಳ ಆರಂಭದಲ್ಲಿ ಸುದ್ದಿ ಬಂತು. ಮಹಾರಾಷ್ಟ್ರದ ಮಾಲ್ವಣದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆಯ ನಿರೀಕ್ಷಕ್ ಹಡಗು ಪತ್ತೆಮಾಡಿತ್ತು. ನಾಲ್ಕೂವರೆ ತಿಂಗಳು ಮನೆಯವರು ಕಾದಿದ್ದರು. ಅಷ್ಟು ತಡವಾದದ್ದು ಪದರಗಳಿಂದಲೇ ಎಂದು ನಾನು ಹೇಳುವುದಿಲ್ಲ. ಗೋವೆಯ ಆಚೆ ಈಚೆ ಹರಡಿದ ಅಷ್ಟು ದೊಡ್ಡ ಕಡಲಿನಲ್ಲಿ ಇಪ್ಪತ್ತು ಚಿಲ್ಲರೆ ಮೀಟರ್ ಉದ್ದದ ಬೋಟು ಎಷ್ಟು ಚಿಕ್ಕದು ಎಂಬುದೇ ಮೊದಲ ಕಾರಣ. ಆದರೆ ನೀರಿನೊಳಗೆ ಹುಡುಕುವವರು ಕಣ್ಣಿನಿಂದ ಹುಡುಕುವುದಿಲ್ಲ, ಕಿವಿಯಿಂದ ಹುಡುಕುತ್ತಾರೆ. ಒಂದು ಓಟದಲ್ಲಿ ಸೋನಾರ್ ನೋಡುವುದು ಹಡಗಿನ ಎರಡು ಪಕ್ಕದ ಕಿರಿದಾದ ಪಟ್ಟಿಯನ್ನು ಮಾತ್ರ. ಗದ್ದೆ ಉಳುವವನ ಹಾಗೆ ಸಾಲಿನ ಪಕ್ಕ ಸಾಲು ಹೊಡೆಯಬೇಕು. ಆ ಪಟ್ಟಿ ಎಷ್ಟು ಅಗಲ, ಎಲ್ಲಿ ನೆರಳು ಬೀಳುತ್ತದೆ ಎಂಬುದನ್ನು ಆ ದಿನದ ನೀರು ಹೇಳಬೇಕು.

ಸುದ್ದಿ ಬಂದ ದಿನ ಸೊಸೆ ಫೋನು ಮಾಡಿದ್ದಳು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೊನೆಗೆ, "ಮಾವ, ಅವತ್ತು ನೀವು ನಕ್ಕು ಸುಮ್ಮನಾದಿರಲ್ಲ, ಈಗಲಾದರೂ ಹೇಳಿ," ಎಂದಳು. ಅಂದು ಫೋನಿನಲ್ಲಿ ಹೇಳಿದ್ದೇ ಇಲ್ಲಿ ಸ್ವಲ್ಪ ಉದ್ದವಾಗಿದೆ.

ನಿಮಗೊಂದು ಕೆಲಸ. ಈ ಚಳಿಗಾಲದಲ್ಲಿ ನಾಂಪಲ್ಲಿ, ಕಾಚಿಗುಡ, ಸಿಕಂದರಾಬಾದ್ ಯಾವುದಾದರೂ ನಿಲ್ದಾಣದ ಸುತ್ತ ಒಂದೆರಡು ಕಿಲೋಮೀಟರಿನೊಳಗೆ ಇರುವವರು ಒಂದು ವಾರ ಬೆಳಿಗ್ಗೆ ಐದಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹನ್ನೊಂದಕ್ಕೆ ಮಹಡಿ ಹತ್ತಿ ಕಿವಿಗೊಡಿ. ನಿಲ್ದಾಣದ ಮಾತು ಕೇಳಿತೇ, ಬರೀ ಸದ್ದು ಕೇಳಿತೇ, ಏನೂ ಕೇಳಲಿಲ್ಲವೇ, ಆಗಿನ ಉಷ್ಣತೆ ಎಷ್ಟು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗಾಳಿಯನ್ನು ಮರೆಯಬೇಡಿ, ಅದೂ ಶಬ್ದವನ್ನು ಬಾಗಿಸುತ್ತದೆ. ಬರೆದದ್ದನ್ನು ಸಂಘದ ಕಚೇರಿಗೆ ತಲುಪಿಸಿದರೆ ಎಲ್ಲರದನ್ನೂ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಒಂದು ನಕ್ಷೆ ಹಾಕೋಣ.